ಒಂಬತ್ತು ರಟ್ಟು, ಹದಿನೇಳು ಸಿಂಹಾಸನ

ಜನವರಿ 12

ಗೂಬೆಗೆ,

ಫೋನ್ ಮಾಡಿದರೆ ‘ಹೂಂ’, ‘ಊಹೂಂ’ ಬಿಟ್ಟು ನಿನ್ನ ಬಾಯಿಂದ ಮೂರನೇ ಮಾತು ಹೊರಡುವುದಿಲ್ಲ. ಕಾಗದ ಕೊಟ್ಟರೆ ಮಾತ್ರ ಆ ಬಾಯಿಗೆ ಬೀಗ ಇಲ್ಲ. ಆದ್ದರಿಂದ ಕಾಗದ.

ಇದರ ಜೊತೆಗೆ ಒಂದು ಪಾರ್ಸೆಲ್ ಬಂದಿರುತ್ತದೆ. ಬಿಚ್ಚುವ ಮೊದಲು ಕೈಗೆ ಮೆತ್ತಿದ ಅಂಟು ತೊಳೆದುಕೋ. ಒಳಗೆ ನಾನೂರ ಹನ್ನೆರಡು ಪುಟದ ಪುಸ್ತಕ ಇದೆ. ಗಟ್ಟಿ ಹೊದಿಕೆ, ಪುಟಪುಟಕ್ಕೂ ಬಣ್ಣದ ಚಿತ್ರ. ಹೆಸರು ‘ಹದಿನೇಳು ಸಿಂಹಾಸನ’. ಇದು ಓದಿ ಮುಗಿಸುವ ಕಥೆಯಲ್ಲ. ನಾವು ಆಡುತ್ತಿದ್ದೆವಲ್ಲ, ಒಬ್ಬರು ನಾಡು ಹೇಗಿದೆಯೆಂದು ಹೇಳುವುದು, ಉಳಿದವರು ತಮ್ಮ ತಮ್ಮ ಪಾತ್ರ ಅಲ್ಲಿ ಏನು ಮಾಡುತ್ತದೆಂದು ಹೇಳುವುದು, ಆಗುತ್ತದೋ ಇಲ್ಲವೋ ಎಂದು ದಾಳ ಹಾಕಿ ನೋಡುವುದು, ಆ ಆಟಕ್ಕೆಂದೇ ತಿಳಿದವರು ಕೂತು ಮಾಡಿದ ನಾಡು ಇದು. ಹದಿನೇಳು ರಾಜವಂಶ, ಮೂರು ಚಂದ್ರ, ನಲವತ್ತು ದೇವರು, ಆರು ಜಾತಿಯ ಬೆಂಕಿ ಉಗುಳುವ ಹಾವು.

ನಮ್ಮದರಲ್ಲಿ ಏನಿತ್ತು, ಹೇಳು. ನೀನು ಕೆಲಸ ಮಾಡುವ ಫೋಟೋ ಕಟ್ಟಿನ ಅಂಗಡಿಯಲ್ಲಿ ಚಿತ್ರದ ಸುತ್ತ ಹಾಕಲು ಕಿಟಕಿ ಕೊಯ್ದಾಗ ಒಳಗಿಂದ ಬೀಳುವ ಒಂಬತ್ತು ರಟ್ಟು. ಅದರ ಮೇಲೆ ಪೆನ್ಸಿಲಿನಲ್ಲಿ ಒಂದು ಹೊಳೆ. ಹೊಳೆಗೆ ಒಂದು ಸೇತುವೆ. ಇಡೀ ನಾಡಿಗೆ ಒಬ್ಬನೇ ರಾಕ್ಷಸ, ಅವನಿಗೂ ಮಂಡಿನೋವು! ನೀರಿನಲ್ಲಿ ನಿಂತು ಹೆಗಲ ಮೇಲೆ ಸೇತುವೆ ಹೊತ್ತಿರುತ್ತಾನಂತೆ. ಅವನಿಗೆ ನೋವಾಗಬಾರದೆಂದು ದಾಟುವವರೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು ಮೆಲ್ಲಗೆ ನಡೆಯಬೇಕಂತೆ. ಇದನ್ನು ನಾನು ಇಲ್ಲಿಯ ಹಲ್ಲಿನ ಡಾಕ್ಟರಿಗೆ ಹೇಳಿದೆ. ಅವರು ನಕ್ಕ ನಗುವಿಗೆ ಹೊರಗೆ ದವಡೆ ಹಿಡಿದು ಕೂತಿದ್ದ ರೋಗಿ ನೋವು ಮರೆತು ಒಳಗೆ ಇಣುಕಿ ನೋಡಿದ.

ಡಾಕ್ಟರು, ಅವರ ಭಾಮೈದ ಒಬ್ಬರು ವಕೀಲರು, ಕಾಲೇಜಿನಲ್ಲಿ ಪಾಠ ಮಾಡುವ ಮೇಡಂ, ಇವರ ಜೊತೆ ನಾನು ಪ್ರತಿ ಶುಕ್ರವಾರ ಕೂರುತ್ತೇನೆ. ನನ್ನಂಥ ಹಲ್ಲಿನ ಅಚ್ಚು ಎರೆಯುವವನನ್ನು ಅಂಥವರು ಮೇಜಿಗೆ ಕರೆದಿದ್ದಾರೆ. ನೀನು ನಾಲ್ಕನೇ ಕ್ಲಾಸಿನ ಭೂಗೋಳ ಇಟ್ಟುಕೊಂಡು ಇನ್ನೂ ಮೂರು ಜನರ ಶನಿವಾರ ಹಾಳು ಮಾಡುತ್ತಿದ್ದೀಯ. ಸಾಕು. ಅವರನ್ನು ಈ ಪುಸ್ತಕದೊಳಗೆ ಕೂರಿಸು. ರಟ್ಟನ್ನು ಒಲೆಗೆ ಹಾಕು.

ನಿನ್ನ ಅಣ್ಣ


ಜನವರಿ 27

ಅಣ್ಣನಿಗೆ,

ನಾನು ಚೆನ್ನಾಗಿದ್ದೇನೆ. ಅಮ್ಮನೂ ಚೆನ್ನಾಗಿದ್ದಾಳೆ. ನೀನು ಚೆನ್ನಾಗಿದ್ದೀಯ ಎಂದು ನಿನ್ನ ಕಾಗದದ ಧಿಮಾಕಿನಿಂದಲೇ ಗೊತ್ತಾಯಿತು.

ಪುಸ್ತಕ ಬಂತು. ಕೈ ತೊಳೆದುಕೊಂಡೇ ಓದಿದೆ. ಓದಿದ ಮೇಲೂ ಒಂದು ಸಲ ತೊಳೆದುಕೊಂಡೆ.

ನಿನ್ನ ನಾಡಿಗೆ ಮೂರು ಚಂದ್ರ. ಒಂದು ಮುಳುಗಿದರೆ ಇನ್ನೊಂದು ಹುಟ್ಟುತ್ತದೆ. ಹಾಗಾದರೆ ಅಲ್ಲಿ ಕತ್ತಲೆ ಯಾವಾಗ? ಕಳ್ಳರು ಎಲ್ಲಿಗೆ ಹೋಗಬೇಕು? ತೊಂಬತ್ತನೇ ಪುಟದಲ್ಲಿ ಕಳ್ಳರ ಸಂಘ ಬೇರೆ ಇದೆ, ಅದಕ್ಕೊಬ್ಬ ರಾಜಕುಮಾರ ಅಧ್ಯಕ್ಷ. ಹದಿನೇಳು ಅರಮನೆಯ ನಕ್ಷೆ ಕೊಟ್ಟಿದ್ದಾರೆ. ನಾನು ಒಂದೊಂದನ್ನೂ ಬೆರಳಿಟ್ಟು ನೋಡಿದೆ, ಒಂದಕ್ಕೂ ಕಕ್ಕಸಿಲ್ಲ. ಸಿಂಹಾಸನದ ಹಿಂದೆ ಗುಪ್ತದ್ವಾರ ಇದೆ. ಅದು ಅದಕ್ಕೇ ಇರಬೇಕು. ನಾನೂರ ಹನ್ನೆರಡು ಪುಟದಲ್ಲಿ ಬಟ್ಟೆ ಒಗೆಯುವವರು ಒಬ್ಬರೂ ಇಲ್ಲ, ಆದರೆ ಎಲ್ಲರ ಮೈಮೇಲೂ ಬಿಳಿ ನಿಲುವಂಗಿ. ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು ಅಂತ ಒಂದು ಮಾತಿದೆ. ನಿನ್ನ ಡಾಕ್ಟರ ಕಿವಿಗೆ ಅದು ಬಿದ್ದಿಲ್ಲವೇನೋ.

ನೀನು ಆ ಡಾಕ್ಟರ ಎದುರು ಕೂತು ‘ಸರ್, ನನ್ನ ಸೇನಾಪತಿ ಕತ್ತಿ ಎತ್ತುತ್ತಾನೆ’ ಅನ್ನುವುದನ್ನು ನೆನೆಸಿಕೊಂಡು ನಗು ಬಂತು. ನಿನ್ನ ಸೇನಾಪತಿಯನ್ನು ಯಾವುದರಲ್ಲಿ ಮಾಡಿದ್ದೀಯ? ನೀನು ಮಾಡಿ ಇಲ್ಲಿಗೆ ಕಳಿಸಿದ್ದ ಗೊಂಬೆ ಸೈನಿಕರೆಲ್ಲ ಹಲ್ಲಿನ ಸೆಟ್ಟಿನ ಗುಲಾಬಿ ಬಣ್ಣದವರು. ಸಾಲಾಗಿ ನಿಲ್ಲಿಸಿದರೆ ಯಾರೋ ಬಾಯಿ ತೆರೆದ ಹಾಗೆ ಕಾಣುತ್ತದೆ.

ರಟ್ಟು ಸುಡು ಅನ್ನುತ್ತೀಯ. ಕಾನೂನು ಮಾಡಿದವನು ನೀನೇ. ಮೇಜಿನ ಮುಂದೆ ಬಾಯಿಬಿಟ್ಟು ಹೇಳಿದ್ದು ಆಗಿಹೋಯಿತು, ಅದನ್ನು ಇಲ್ಲ ಅನ್ನುವ ಹಾಗಿಲ್ಲ. ಹೇಳುವವರು ನಾಡು ಹೇಗಿದೆಯೋ ಹಾಗೇ ಹೇಳಬೇಕು, ಆಟಗಾರರನ್ನು ಮೆಚ್ಚಿಸಲು ಸುಳ್ಳು ಹೇಳಬಾರದು. ಈ ಎರಡು ಕಾನೂನು ಮಾಡಿ ನೀನು ಊರು ಬಿಟ್ಟೆ. ಎರಡು ವರ್ಷದಿಂದ ನಾನು ಹೇಳಿದ್ದೇನೆ, ಮೂರು ಜನ ಕೂತು ಕೇಳಿದ್ದಾರೆ. ಈಗ ಒಲೆಗೆ ಹಾಕಿದರೆ ಅದು ಎಲ್ಲಿಗೆ ಹೋಗುತ್ತದೆ?

ನಾಲ್ಕನೇ ಕ್ಲಾಸಿನ ಮಾತು ಎತ್ತಿದ್ದೀಯ. ನಾನು ಯಾಕೆ ಬಿಟ್ಟೆ, ಯಾರು ಓದಲೆಂದು ಬಿಟ್ಟೆ ಅನ್ನುವುದು ನಿನಗೆ ಗೊತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಒಂದು ಸುದ್ದಿ. ಅಂಗಡಿಯ ಯಜಮಾನ್ತಿ ನಿನ್ನ ಪುಸ್ತಕವನ್ನು ಮನೆಗೆ ತೆಗೆದುಕೊಂಡು ಹೋಗಿದ್ದಾಳೆ. ‘ಚಿತ್ರ ಚೆನ್ನಾಗಿದೆ ಕಣೇ, ಒಂದ್ಸಲ ಇದನ್ನೂ ಆಡಿ ನೋಡೋಣ’ ಅಂದಳು. ಅವಳು ಅತ್ತ ಹೋದರೆ ಆಟಕ್ಕೆ ಬರುವ ನರ್ಸಕ್ಕನೂ ಕರೆಂಟು ಮೀಟರಿನವನೂ ಅವಳ ಹಿಂದೆ ಹೋಗುತ್ತಾರೆ. ಮೇಜೂ ಅವಳದೇ, ಕೋಣೆಯೂ ಅವಳದೇ. ಆಮೇಲೆ ನಾನು ನಾಡು ಹೇಳುವುದು ಯಾರಿಗೆ, ಗಾಜಿಗೆ? ನಿನಗೆ ಸಂತೋಷವಾಗಲಿ ಎಂದು ಬರೆದೆ.

ಗೂಬೆ


ಫೆಬ್ರವರಿ 20

ಗೂಬೆಗೆ,

ಹೆತ್ತವರಿಗೆ ಹೆಗ್ಗಣ ಮುದ್ದು. ನಿನಗೆ ರಟ್ಟು ಮುದ್ದು. ಕಕ್ಕಸು ಇಲ್ಲ ಅನ್ನುವುದನ್ನು ಡಾಕ್ಟರಿಗೆ ಹೇಳಲಿಲ್ಲ. ಅವರು ಈ ಪುಸ್ತಕಕ್ಕೆ ಬೀರುವಿನಲ್ಲಿ ಬೇರೆ ಅಟ್ಟ ಮಾಡಿಸಿದ್ದಾರೆ.

ಸಿಂಹಾಸನದ ನಾಡಿನಲ್ಲಿ ಏನು ಕೇಳಿದರೂ ಹಿಂದಿನ ಪುಟದಲ್ಲಿ ಪಟ್ಟಿ ಇದೆ. ಬೆರಳಿಟ್ಟರೆ ಉತ್ತರ. ನಿನ್ನ ನಾಡು ಒಂದು ಪ್ರಶ್ನೆಗೂ ನಿಲ್ಲುವುದಿಲ್ಲ. ಕೇಳುತ್ತೇನೆ, ನೋಡು.

ಎರಡನೇ ರಟ್ಟಿನಲ್ಲಿ ಉಪ್ಪಿನ ಬಾವಿ ಇದೆ. ಅದು ಯಾರದು? ಗುರುತಿಲ್ಲದ ಮೂರು ಜನ ಬಂದು ಬಾವಿ ಹತ್ತಿರ ನಿಂತರು ಅಂತಿಟ್ಟುಕೋ. ಅವರನ್ನು ಯಾರು ತಡೆಯುತ್ತಾರೆ? ರಾಜನೇ ಇಲ್ಲದ ನಾಡಲ್ಲಿ ಜಗಳವಾದರೆ ತೀರ್ಮಾನ ಮಾಡುವವರು ಯಾರು? ಮೂರನೇ ರಟ್ಟಿನ ದಾರಿ ಅಂಚಿಗೆ ಬಂದು ನಿಂತುಬಿಡುತ್ತದಲ್ಲ, ಅದು ಎಲ್ಲಿಗೆ ಹೋಗುತ್ತದೆ? ಐದನೇ ರಟ್ಟಿನ ಸೇತುವೆಯ ಮೇಲೆ ಕುದುರೆ ಹೋಗಬಹುದೋ?

ಒಂದಕ್ಕಾದರೂ ಉತ್ತರ ಇದೆಯಾ? ಇಲ್ಲದಿದ್ದರೆ ಇಲ್ಲ ಅಂತ ಒಪ್ಪಿಕೋ. ಬೇಗ ಬರಿ. ಗುರುವಾರದೊಳಗೆ ಸಿಕ್ಕರೆ ಒಳ್ಳೆಯದು.

ನಿನ್ನ ಅಣ್ಣ


ಫೆಬ್ರವರಿ 24

ಅಣ್ಣನಿಗೆ,

ನಿನ್ನ ಪ್ರಶ್ನೆಗಳಿಗೆ ಉತ್ತರ ಇಲ್ಲ ಎಂದುಕೊಂಡೆಯಾ? ಅಂಗಡಿಯಲ್ಲಿ ಚೌಕಟ್ಟಿನ ಓರೆ ಮೂಲೆ ಕೊಯ್ಯುತ್ತಾ ನಿಂತವಳಿಗೆ ಯೋಚನೆ ಮಾಡುವುದು ಬಿಟ್ಟು ಬೇರೇನಿದೆ? ತೆಗೆದುಕೋ.

ಉಪ್ಪಿನ ಬಾವಿ ಯಾರದೂ ಅಲ್ಲ. ಹಗ್ಗ ಮಾತ್ರ ಒಬ್ಬ ಮುದುಕಿಯದು. ಹಗ್ಗ ಬೇಕಾದವರು ಅವಳಿಗೆ ಒಂದು ಸುದ್ದಿ ಹೇಳಬೇಕು. ಸುದ್ದಿ ಸುಳ್ಳಾದರೆ ಕೊಡ ಅರ್ಧ ಮೇಲೆ ಬಂದಾಗ ಹಗ್ಗ ಬಿಟ್ಟುಬಿಡುತ್ತಾಳೆ. ಗುರುತಿಲ್ಲದ ಮೂರು ಜನರನ್ನು ತಡೆಯುವುದು ಯಾಕೆ? ಅವರ ಹತ್ತಿರ ಮೂರು ಹೊಸ ಸುದ್ದಿ ಇರುತ್ತದೆ.

ಜಗಳ ಆಡಿದವರಿಬ್ಬರೂ ಒಂದೇ ಗರಗಸದ ಎರಡು ತುದಿ ಹಿಡಿದು ಒಂದು ಮರ ಕೊಯ್ಯಬೇಕು. ಮರ ಬೀಳುವ ಹೊತ್ತಿಗೆ ಜಗಳ ಮುಗಿದಿರುತ್ತದೆ. ಮುಗಿಯದಿದ್ದರೆ ಮುಂದುವರಿಸಲು ಉಸಿರಿರುವುದಿಲ್ಲ. ಇದಕ್ಕೆ ಹದಿನೇಳು ರಾಜರು ಬೇಡ.

ಮೂರನೇ ರಟ್ಟಿನ ದಾರಿ ಅಂಚಿನಲ್ಲಿ ನಿಲ್ಲುವುದು ರಟ್ಟು ಮುಗಿದದ್ದರಿಂದ. ದಾರಿಗೆ ಅದು ಗೊತ್ತಿಲ್ಲ. ಅದು ಹೋಗುತ್ತಲೇ ಇದೆ.

ಸೇತುವೆಯ ಮೇಲೆ ಕುದುರೆ ಹೋಗಬಹುದು. ಗೊರಸಿಗೆ ಬಟ್ಟೆ ಸುತ್ತಬೇಕು. ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ನಾವು ಹೇಗೆ ಹತ್ತುತ್ತಿದ್ದೆವು ಅನ್ನುವುದು ನೆನಪಿದ್ದರೆ ಇದನ್ನು ಕೇಳುತ್ತಲೇ ಇರಲಿಲ್ಲ. ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಿದ್ದಾಗ, ಚಪ್ಪಲಿ ಕೈಯಲ್ಲಿ ಹಿಡಿದು.

ಇನ್ನು ನಿನ್ನ ಸಿಂಹಾಸನದ ಸುದ್ದಿ. ಹೋದ ಶನಿವಾರ ಯಜಮಾನ್ತಿ ಪುಸ್ತಕ ತಂದು ಮೇಜಿನ ಮೇಲೆ ಇಟ್ಟಳು. ರಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ ಗಾಜಿನ ಸ್ಟ್ಯಾಂಡಿನ ಹಿಂದೆ ಇಟ್ಟೆ. ಆಟ ಶುರುವಾಯಿತು. ಮೊದಲ ಎರಡು ಗಂಟೆ ಯಾರು ಯಾವ ರಾಜನ ಅಳಿಯ ಅನ್ನುವುದರಲ್ಲೇ ಹೋಯಿತು. ಮೀಟರಿನವನು ಹನ್ನೊಂದನೇ ವಂಶದ ಕಿರಿಯ ದಾಯಾದಿಯಾಗಿ ಕೂತಲ್ಲೇ ತೂಕಡಿಸಿದ. ನರ್ಸಕ್ಕ ಕೇಳಿದಳು:

“ನನ್ನ ರಾಜಕುಮಾರಿ ಬೆಳಿಗ್ಗೆ ಎದ್ದು ಏನ್ ಮಾಡ್ತಾಳೆ?”

ನಾನು ಪುಸ್ತಕ ನೋಡಿ ಹೇಳಿದೆ: “ವಿಧಿಯನ್ನ ಎದುರು ನೋಡ್ತಾಳೆ.”

“ಆಮೇಲೆ?”

“ಅಷ್ಟೇ ಬರೆದಿದ್ದಾರೆ ಅಕ್ಕ.”

“ಮೂರು ವಾರ್ಡಿನ ಡ್ಯೂಟಿ ಮುಗಿಸಿ ಬಂದಿದೀನಿ ಕಣಮ್ಮ. ಇಲ್ಲೂ ಕಾಯ್ತಾ ಕೂರೋದಾ?”

ಯಜಮಾನ್ತಿ ಪುಸ್ತಕ ಮುಚ್ಚಿ, “ಇಷ್ಟು ರಾಜರನ್ನ ಇಟ್ಕೊಂಡು ಏನ್ ಮಾಡೋದೇ? ಒಬ್ಬರಿಗಾದ್ರೂ ಕೆಲಸ ಇದ್ಯಾ? ತೆಗಿ ಆ ರಟ್ಟು” ಅಂದಳು.

ಬಟ್ಟೆ ಬಿಚ್ಚಿ ಒಂಬತ್ತೂ ಇದೆಯಾ ಎಂದು ಎರಡು ಸಲ ಎಣಿಸಿದೆ. ಅದನ್ನು ನಿನಗೆ ಹೇಳಬಾರದೆಂದುಕೊಂಡಿದ್ದೆ. ಈಗ ಅವರು ನಾಲ್ಕನೇ ರಟ್ಟಿನಲ್ಲಿದ್ದಾರೆ, ಸೇತುವೆಯ ಕಡೆ ಹೊರಟಿದ್ದಾರೆ. ನಡೆಯುವುದಕ್ಕಿಂತ ಮಾತು ಜಾಸ್ತಿ, ತಲುಪಲು ತಿಂಗಳುಗಳು ಬೇಕು. ಸೇತುವೆ ಕೆಳಗಿನವನ ಮಂಡಿಗೆ ಕಟ್ಟಲು ನರ್ಸಕ್ಕ ಪಟ್ಟಿ ಹೊಲಿಯುತ್ತಿದ್ದಾಳೆ. ಆಟದಲ್ಲಿ ಅಲ್ಲ, ನಿಜವಾಗಿ, ಬ್ಯಾಂಡೇಜಿನಲ್ಲಿ. ನಮ್ಮ ಗುಲಾಬಿ ಗೊಂಬೆಗೆ ಆಗುವಷ್ಟು ಅಳತೆಯದು.

ನಿನ್ನ ಪುಸ್ತಕ ಒಳ್ಳೆಯ ಭಾರ ಇದೆ. ಅಂಟು ಹಾಕಿದ ಚೌಕಟ್ಟಿನ ಮೇಲೆ ಇಟ್ಟರೆ ಮೂಲೆ ಚೆನ್ನಾಗಿ ಕೂರುತ್ತದೆ. ಅದಕ್ಕೂ ಒಂದು ಕೆಲಸ ಸಿಕ್ಕಿತು.

ಗೂಬೆ


ಏಪ್ರಿಲ್ 9

ಗೂಬೆಗೆ,

ಕೆಲಸ ಜಾಸ್ತಿ. ವಾರಕ್ಕೆ ನಲವತ್ತು ದವಡೆ. ಚುಟುಕಾಗಿ ಬರೆಯುತ್ತೇನೆ.

ನಿನ್ನ ರಾಕ್ಷಸನ ವಿಚಾರ. ಸಿಂಹಾಸನದ ನಾಡಿನ ಅತಿ ಸಣ್ಣ ಹಾವಿಗೂ ಎಷ್ಟು ಏಟು ತಡೆಯುತ್ತದೆ, ಎಷ್ಟು ಏಟು ಕೊಡುತ್ತದೆ ಎಂದು ಬರೆದಿದ್ದಾರೆ. ನಿನ್ನವನಿಗೆ ಏನಿದೆ? ಯಾರಾದರೂ ಕತ್ತಿ ಹಿಡಿದು ಮೇಲೆ ಬಿದ್ದರೆ ಏನು ಮಾಡುತ್ತಾನೆ? ಅವನನ್ನು ಕೊಲ್ಲುವುದು ಎಷ್ಟು ಕಷ್ಟ? ಅಥವಾ ಕೊಲ್ಲಲು ಆಗುವುದೇ ಇಲ್ಲವೋ? ಆಗುವುದಿಲ್ಲ ಅಂತ ಇದ್ದರೆ ಹಾಗೇ ಬರಿ.

ಈ ವಾರವೇ ಬರಿ.

ನಿನ್ನ ಅಣ್ಣ


ಏಪ್ರಿಲ್ 13

ಅಣ್ಣನಿಗೆ,

ಕೊನೆಗೂ ನಿನ್ನ ಬುದ್ಧಿ ಅಲ್ಲಿಗೇ ಬಂತು. ಎಷ್ಟು ಏಟು! ಆ ದೊಡ್ಡವರ ಜೊತೆ ಕೂತು ಕೂತು ನಿನಗೆ ಯಾರನ್ನು ನೋಡಿದರೂ ಎಷ್ಟು ಏಟಿಗೆ ಬೀಳುತ್ತಾನೆ ಅನ್ನುವುದೇ ಕಾಣುತ್ತದೆ.

ಅವನನ್ನು ಕೊಲ್ಲುವುದು ಬಹಳ ಸುಲಭ. ಒಂದು ಮಗುವೂ ಕೊಲ್ಲಬಹುದು. ಅವನು ಎರಡೂ ಕೈಯಲ್ಲಿ ಸೇತುವೆ ಹಿಡಿದಿದ್ದಾನೆ. ಕತ್ತಿ ತಡೆಯಲು ಕೈ ಬಿಟ್ಟರೆ ಮೇಲೆ ನಡೆಯುತ್ತಿರುವವರು ಬೀಳುತ್ತಾರೆ. ಆದ್ದರಿಂದ ಬಿಡುವುದಿಲ್ಲ. ಅಷ್ಟೇ. ಇಷ್ಟು ವರ್ಷ ಯಾರೂ ಅವನನ್ನು ಕೊಲ್ಲದಿರುವುದು ಅವನಿಗೆ ಬಲ ಇದೆ ಎಂದಲ್ಲ. ನಮ್ಮ ನಾಡಿನಲ್ಲಿ ಅಷ್ಟು ನೀಚರು ಯಾರೂ ಹುಟ್ಟಿಲ್ಲ.

ಬರೆದುಕೋ. ನಿನ್ನ ಡಾಕ್ಟರಿಗೆ ಓದಿ ಹೇಳು. ಇನ್ನೊಂದು ಸಲ ನಗಲಿ.

ಗೂಬೆ


ಜೂನ್ 2

ಅಣ್ಣನಿಗೆ,

ಏಳು ವಾರವಾಯಿತು, ನಿನ್ನಿಂದ ಒಂದು ಬೈಗುಳವೂ ಇಲ್ಲ. ಅಮ್ಮ ಎರಡು ಸಲ ಕೇಳಿದಳು. ‘ಕೆಲಸ ಜಾಸ್ತಿಯಂತೆ’ ಅಂದೆ.

ನಿನ್ನೆ ಅಂಗಡಿ ಮುಚ್ಚಿದ ಮೇಲೆ ನಿನ್ನ ಕಾಗದಗಳನ್ನೆಲ್ಲ ಗಾಜು ಕೊಯ್ಯುವ ಮೇಜಿನ ಮೇಲೆ ಸಾಲಾಗಿ ಹರವಿದೆ. ಆ ಮೇಜಿಗೆ ಕಂಬಳಿ ಹಾಸಿರುತ್ತದೆ. ಅದರ ಮೇಲೆ ಏನು ಇಟ್ಟರೂ ಸದ್ದಾಗುವುದಿಲ್ಲ, ಆದರೆ ಸೊಟ್ಟ ಇದ್ದರೆ ಕಾಣುತ್ತದೆ. ನಾನು ಇಷ್ಟು ದಿನ ಒಂದೊಂದಾಗಿ ಓದಿ ಒಂದೊಂದಕ್ಕೇ ಸಿಟ್ಟು ಮಾಡಿಕೊಂಡಿದ್ದೆ. ಒಟ್ಟಿಗೆ ಓದಿದಾಗ ಬೇರೆ ಕಂಡಿತು.

ಬೈಯುವವನಿಗೆ ಬಾವಿ ಯಾರದು ಅಂತ ಯಾಕೆ ಬೇಕು? ದಾರಿ ಎಲ್ಲಿಗೆ ಹೋಗುತ್ತದೆ, ಕುದುರೆ ಹೋಗಬಹುದೋ ಅಂತ ಯಾಕೆ ಬೇಕು? ಶುಕ್ರವಾರ ನೀವು ಆಡುತ್ತೀರಿ. ನಿನಗೆ ಉತ್ತರ ಗುರುವಾರದೊಳಗೆ ಬೇಕಿತ್ತು. ‘ಗುರುತಿಲ್ಲದ ಮೂರು ಜನ’ ಅಂದೆಯಲ್ಲ. ಡಾಕ್ಟರು ಒಂದು, ವಕೀಲರು ಎರಡು, ಮೇಡಂ ಮೂರು. ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟವಳು, ಮೂರರವರೆಗೆ ಎಣಿಸಲು ಬರುತ್ತದೆ.

ನೀನು ನನ್ನ ನಾಡನ್ನು ಉಗಿದು ಉಗಿದು ಅದರಲ್ಲೇ ಓಡಾಡುತ್ತಿದ್ದೀಯ. ಹೌದೋ ಅಲ್ಲವೋ?

ಹೌದಾದರೆ ಇನ್ನೊಂದು ಕೇಳುತ್ತೇನೆ. ಏಪ್ರಿಲ್ ಒಂಬತ್ತರ ಪ್ರಶ್ನೆ ಯಾಕೆ ಕೇಳಿದೆ? ಅದಕ್ಕೆ ನಾನು ಕೊಟ್ಟ ಉತ್ತರವನ್ನು ಏನು ಮಾಡಿದೆ?

ನನ್ನವರು ಸೇತುವೆಗೆ ಮೂರು ಶನಿವಾರ ದೂರದಲ್ಲಿದ್ದಾರೆ.

ಗೂಬೆ


ಜೂನ್ 10

ಗೂಬೆಗೆ,

ಹೌದು.

ಸಿಂಹಾಸನ ಡಿಸೆಂಬರಿಗೇ ಸತ್ತುಹೋಗಿತ್ತು. ನಿನಗೆ ಪುಸ್ತಕ ಕಳಿಸುವ ಹೊತ್ತಿಗೆ ಇಲ್ಲಿ ಅದನ್ನು ತೆರೆಯುವವರು ಇರಲಿಲ್ಲ. ನಾನು ಕಳಿಸಿದ್ದು ಡಾಕ್ಟರು ‘ತಗೊಂಡು ಹೋಗಯ್ಯ’ ಅಂತ ಕೊಟ್ಟದ್ದನ್ನು. ಬೀರುವಿನ ಆ ಅಟ್ಟ ಖಾಲಿ ಇದೆ. ಹದಿನೇಳು ರಾಜರ ಮೇಲೆ ಹದಿನೇಳು ಸಲ ಯುದ್ಧ ಮಾಡಿ ಗೆದ್ದಾಯಿತು, ಇನ್ನೇನು ಮಾಡುವುದು? ಡಾಕ್ಟರು ನನ್ನ ಕಡೆ ತಿರುಗಿ, ‘ನೀನೊಂದು ನಾಡು ಹೇಳ್ತಿದ್ದೆಯಲ್ಲಯ್ಯ, ಮಂಡಿನೋವಿನದು. ಅದನ್ನೇ ಆಡ್ಸು, ನಗೋಕಾದ್ರೂ ಆಗುತ್ತೆ’ ಅಂದರು. ಮೇಡಂ ‘ಯಾರು ಮಾಡಿದ್ದು?’ ಅಂತ ಕೇಳಿದರು. ನಾನು, ‘ನಾನೇ’ ಅಂದೆ.

ಎರಡು ವಾರ ಹೇಗೋ ಆಡಿಸಿದವನಿಗೆ ಮೂರನೇ ವಾರಕ್ಕೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ನಾಡು ನನಗೆ ಮರೆತುಹೋಗಿತ್ತು. ಮರೆತದ್ದಲ್ಲ, ನನಗೆ ಗೊತ್ತೇ ಇರಲಿಲ್ಲ. ಆಗಲೂ ನಾನು ಬಾಯಿ ಮಾಡುತ್ತಿದ್ದೆ, ಹೇಳಿಕೊಡುತ್ತಿದ್ದವಳು ನೀನು. ನೆಟ್ಟಗೆ ಕೇಳಿದರೆ ನೀನು ಯಾಕೆ ಅನ್ನುತ್ತಿದ್ದೆ. ಬೈದರೆ ನೀನು ನಾಲ್ಕು ಪುಟ ಬರೆಯುತ್ತೀಯ ಅಂತ ಗೊತ್ತಿತ್ತು. ಗರಗಸದ ತೀರ್ಮಾನ ಓದಿ ಹೇಳಿದ ದಿನ ವಕೀಲರು, ‘ಹಾಗಾದ್ರೆ ನಮ್ಮ ಗತಿ?’ ಅಂದರು. ಅವರ ಹೊಟ್ಟೆಪಾಡಿನ ಪ್ರಶ್ನೆ.

ಏಪ್ರಿಲ್ ಮೊದಲ ವಾರ ಅವರು ಸೇತುವೆಗೆ ಬಂದರು. ಚಪ್ಪಲಿ ಬಿಚ್ಚಬೇಕು ಅಂದೆ. ವಕೀಲರು, ‘ನಮ್ಮಂಥವರು ರಾಕ್ಷಸನಿಗೆ ಚಪ್ಪಲಿ ಬಿಚ್ಚೋದಾ?’ ಅಂದರು. ಮೂವರೂ ಸೇತುವೆ ಹತ್ತದೆ ದಡದಿಂದ ನೀರಿಗಿಳಿದು ಕತ್ತಿ ತೆಗೆದರು. ನಾನು ‘ಇವತ್ತಿಗೆ ಸಾಕು’ ಅಂದು ದಾಳ ಎತ್ತಿಟ್ಟೆ. ಅದಾದ ಮೇಲೆ ನಿನಗೆ ಬರೆದೆ. ಕೊಲ್ಲಲು ಆಗುವುದಿಲ್ಲ ಅಂತ ನೀನು ಬರೆಯುತ್ತೀಯ ಅಂದುಕೊಂಡಿದ್ದೆ. ಹಾಗೆ ಬರೆಯಲೆಂದೇ ಹಾಗೆ ಕೇಳಿದೆ.

ನಿನ್ನ ಕಾಗದ ಗುರುವಾರ ಬಂತು. ಶುಕ್ರವಾರ ರೋಗಿಗಳು ಕಾಯುವ ಕೋಣೆಯಲ್ಲಿ ಮೇಜು ಹಾಕಿದರು. ಎಲ್ಲಾ ನನ್ನ ಕೈಯಲ್ಲಿತ್ತು, ಒಂದು ಸುಳ್ಳು ಹೇಳಿಬಿಡಬಹುದಿತ್ತು.

“ಏನಯ್ಯ, ಅವನು ತಿರುಗಿ ಹೊಡೆಯಲ್ವಾ?” ಅಂದರು ಡಾಕ್ಟರು.

“ಇಲ್ಲ ಸರ್.”

“ಯಾಕೆ?”

“ಕೈ ಖಾಲಿ ಇಲ್ಲ ಸರ್.”

“ಮತ್ತಿನ್ನೇನು, ಹಲ್ಲು ಕಿತ್ತಷ್ಟೇ ಸುಲಭ.”

ವಕೀಲರು ದಾಳ ಹಾಕಿದರು. ನಾಲ್ಕು ಬಿತ್ತು. ನಾಲ್ಕು ಸಾಕಾಗಿತ್ತು. ಎರಡು ಬಿದ್ದಿದ್ದರೂ ಸಾಕಾಗುತ್ತಿತ್ತು. ಸೇತುವೆ ಬಿತ್ತು ಅಂದೆ. ಡಾಕ್ಟರು, ‘ಇದಕ್ಕೆ ನಮಗೆ ಎಷ್ಟು ಅಂಕ?’ ಅಂದರು. ಈ ನಾಡಿನಲ್ಲಿ ಅಂಕ ಇಲ್ಲ ಅಂದೆ. ‘ಅಂಕ ಇಲ್ಲದಿದ್ರೆ ಕೊಂದದ್ದು ಯಾಕಯ್ಯ ಹಾಗಾದ್ರೆ?’ ಅಂತ ನನ್ನನ್ನೇ ಕೇಳಿದರು! ಇಷ್ಟು ಓದಿದವರು.

ಮುಂದಿನ ಶುಕ್ರವಾರ ಮೇಡಂ ಬೇಗ ಬಂದರು. ‘ಮೇಲೆ ನಡೀತಿದ್ದವರು ಏನಾದ್ರು?’ ಅಂದರು. ಆ ಹೊತ್ತಿಗೆ ಸೇತುವೆ ಮೇಲೆ ಯಾರೂ ಇರಲಿಲ್ಲ ಅಂದೆ. ಆಮೇಲೆ, ‘ಅವನ ಹೆಸರು ಏನಿತ್ತು?’ ಅಂದರು. ನಾನು ಹೇಳಲಿಲ್ಲ.

ನಾನು ಮಾಡಿದ್ದು ಕಳ್ಳತನ, ಅದರ ಮೇಲೆ ದಡ್ಡತನ. ನಿನಗೆ ದಾರಿ ಇದೆ. ನಿನ್ನ ಮೇಜಿನ ಮುಂದೆ ನಾನು ಏನೂ ಹೇಳಿಲ್ಲ. ಇಲ್ಲಿ ಬಿದ್ದ ಸೇತುವೆ ಇಲ್ಲಿಯದು, ನಿನ್ನದು ಬೇರೆ ಅಂದುಬಿಡು. ನಿನ್ನವರು ಬರಲಿ, ಚಪ್ಪಲಿ ಬಿಚ್ಚಲಿ, ದಾಟಲಿ. ಅವನು ಅಲ್ಲೇ ನಿಂತಿರಲಿ. ನಾನು ಇನ್ನು ಆ ನಾಡಿನ ಹೆಸರು ಎತ್ತುವುದಿಲ್ಲ.

ಅಣ್ಣ


ಜೂನ್ 25

ಅಣ್ಣನಿಗೆ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ನಿಂತೇ ಓದಿದೆ. ಆಮೇಲೆ ಒಂದು ಗಾಜು ಕೊಯ್ದೆ, ಸೊಟ್ಟಗಾಯಿತು. ಇನ್ನೊಂದು ಕೊಯ್ದೆ, ಅದೂ ಸೊಟ್ಟ. ಯಜಮಾನ್ತಿ ಬಂದು ಚೂರು ಗುಡಿಸಿದಳು.

‘ನಿನ್ನದು ಬೇರೆ ಅಂದುಬಿಡು’ ಅಂತ ಬರೆದಿದ್ದೀಯ. ಇದು ನೀನು ಇದುವರೆಗೆ ಬರೆದ ಎಲ್ಲಾ ಬೈಗುಳಕ್ಕಿಂತ ಕೀಳಾದದ್ದು. ಮೇಜಿಗೊಂದು ನಾಡು ಇರಲು ಇದೇನು ಅಂಗಡಿಯಲ್ಲಿ ಸಿಗುವ ಪುಸ್ತಕವೇ? ಇರುವುದು ಒಂಬತ್ತು ರಟ್ಟು, ಒಂದೇ ಹೊಳೆ. ಮೇಜಿನ ಮುಂದೆ ಹೇಳಿದ್ದು ಆಗಿಹೋಯಿತು ಅನ್ನುವ ಕಾನೂನಿನಲ್ಲಿ ಯಾರ ಮೇಜು ಎಂದು ಬರೆದಿಲ್ಲ. ನಾನು ಹುಡುಕಿದೆ. ಎರಡು ದಿನ ಅದನ್ನೇ ಹುಡುಕಿದೆ.

ನೀನು ಯಾಕೆ ಕೇಳುತ್ತಿದ್ದೀಯ ಅಂತ ಗೊತ್ತಿದ್ದರೆ ಸುಳ್ಳು ಬರೆಯುತ್ತಿದ್ದೆನೇ? ಅದನ್ನೂ ಯೋಚಿಸಿದೆ. ಬರೆಯುತ್ತಿರಲಿಲ್ಲ. ಅವನಿಗೆ ಕೈ ಖಾಲಿ ಇಲ್ಲ ಅನ್ನುವುದು ನಿಜ. ನೀನೂ ಸುಳ್ಳು ಹೇಳಲಿಲ್ಲ. ಆ ಒಂದು ವಿಷಯಕ್ಕೆ ನಿನ್ನನ್ನು ಬೈಯಲು ನನಗೆ ಬಾಯಿ ಬರುತ್ತಿಲ್ಲ. ಉಳಿದದ್ದಕ್ಕೆಲ್ಲ ಬರುತ್ತದೆ, ಒಂದೊಂದಾಗಿ ಬರೆಯುತ್ತೇನೆ, ನೀನು ಮುದುಕನಾಗುವವರೆಗೆ ಸಾಲುತ್ತದೆ. ‘ನಾನೇ ಮಾಡಿದ್ದು’ ಅಂದೆಯಲ್ಲ, ಅಲ್ಲಿಂದ ಶುರು ಮಾಡುತ್ತೇನೆ.

ನೀನು ಮೇಡಂಗೆ ಅವನ ಹೆಸರು ಹೇಳದೆ ಇದ್ದೆ. ಮೇಜಿನ ಮುಂದೆ ಹೇಳದೆ ಇದ್ದದ್ದು ಆಗಿಲ್ಲ. ಅಪ್ಪನ ಹೆಸರು ಇನ್ನೂ ನಮ್ಮ ಮನೆಯಲ್ಲೇ ಇದೆ.

ಶನಿವಾರ ನನ್ನವರು ಹೊಳೆಗೆ ಬಂದರು. ಮೂವರೂ ಯಾರೂ ಹೇಳದೆ ಚಪ್ಪಲಿ ಬಿಚ್ಚುತ್ತೇವೆ ಅಂದರು. ನರ್ಸಕ್ಕ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ನಿನಗೆ ಗೊತ್ತಲ್ಲ, ಮೂರು ಜನ ಒಟ್ಟಿಗೆ ನನ್ನ ಮುಖ ನೋಡಿದರೆ ನನಗೆ ಮಾತು ಬರುವುದಿಲ್ಲ. ಮೊದಲ ಮೂರು ತಿಂಗಳು ನಾನು ಕಂಬಳಿ ನೋಡಿಕೊಂಡೇ ಆಟ ಹೇಳುತ್ತಿದ್ದೆ. ಅವತ್ತು ತಲೆ ಎತ್ತಿ ಹೇಳಿದೆ.

“ಸೇತುವೆ ಇಲ್ಲ.”

“ಅವನು?” ಅಂದಳು ನರ್ಸಕ್ಕ.

“ಇಲ್ಲ.”

ಮೀಟರಿನವನು, “ಮಂಡಿ ಕೊಟ್ಬಿಡ್ತಾ?” ಅಂದ.

“ಇಲ್ಲಣ್ಣ. ಮಂಡಿ ಕೊನೇವರೆಗೂ ನಿಂತಿತ್ತು. ಮೂರು ಜನ ಬಂದು ಕೊಂದ್ರು. ಅವನು ಕೈ ಬಿಡಲಿಲ್ಲ.”

ನರ್ಸಕ್ಕ ಆ ಸಣ್ಣ ಪಟ್ಟಿಯನ್ನು ಮಡಚಿದಳು. ಇನ್ನೂ ಒಂದು ಸಲ ಮಡಚಿದಳು. ಅದು ಉಗುರಿನಷ್ಟಾಯಿತು. ಯಜಮಾನ್ತಿ ಐದನೇ ರಟ್ಟನ್ನು ಹತ್ತಿರ ಎಳೆದುಕೊಂಡಳು. ಈಗ ಹೇಳುತ್ತಾಳೆ, ‘ಇದೂ ಒಂದು ಆಟವಾ, ಮುಚ್ಚು’ ಅಂತ ಹೇಳುತ್ತಾಳೆ ಅಂದುಕೊಂಡೆ. ರಟ್ಟುಗಳನ್ನು ಸುತ್ತುವ ಬಟ್ಟೆ ಎಲ್ಲಿದೆ ಅಂತ ಕಣ್ಣಲ್ಲೇ ಹುಡುಕಿದೆ.

“ಯಾವ ಕಡೆ ಹೋದ್ರು ಆ ಮೂವರು?” ಅಂದಳು ಯಜಮಾನ್ತಿ.

“ಗೊತ್ತಿಲ್ಲಕ್ಕ. ಕೇಳಿ ಹೇಳ್ತೀನಿ.”

“ಯಾರನ್ನ ಕೇಳ್ತೀಯ?”

“ನಮ್ಮಣ್ಣನ್ನ. ಅವರನ್ನ ಕರ್ಕೊಂಡು ಬಂದವನು ಅವನೇ.”

“ಅವನಾ! ಕೇಳು, ಕೇಳು. ನಿಧಾನಕ್ಕೇ ಕೇಳು. ಮೊದಲು ನಾವು ಈಜ್ಬೇಕು” ಅಂದು ದಾಳ ಎತ್ತಿಕೊಂಡಳು.

ಅವಳಿಗೆ ಐದು ಬಿತ್ತು. ನರ್ಸಕ್ಕನಿಗೆ ಮೂರು, ತೇಲಿಹೋಗುತ್ತಿದ್ದಳು, ಯಜಮಾನ್ತಿ ಜಡೆ ಹಿಡಿದು ಎಳೆದಳು. ಈಜು ಬಾರದ ಮೀಟರಿನವನಿಗೆ ಆರು!

ಆದ್ದರಿಂದ ಆ ನಾಡಿನ ಹೆಸರು ಎತ್ತುವುದಿಲ್ಲ ಅನ್ನುವ ನಾಟಕ ಬೇಡ. ನಿನ್ನ ಡಾಕ್ಟರನ್ನೂ ವಕೀಲರನ್ನೂ ಮೇಡಮ್ಮನ್ನೂ ಶುಕ್ರವಾರ ಮೇಜಿಗೆ ಕೂರಿಸು. ಅವರು ಈಗ ಎಷ್ಟನೇ ರಟ್ಟಿನಲ್ಲಿದ್ದಾರೆ, ಯಾವ ದಾರಿ ಹಿಡಿದಿದ್ದಾರೆ, ಎಲ್ಲಿ ಮಲಗುತ್ತಾರೆ, ಎಲ್ಲಾ ಬರಿ. ಸುಳ್ಳು ಬರೆಯಬೇಡ. ಗುರುವಾರದೊಳಗೆ ನನಗೆ ಸಿಗಬೇಕು.

ನನ್ನವರು ಹೊಳೆ ದಾಟಿದ್ದಾರೆ. ಚಪ್ಪಲಿ ಇನ್ನೂ ಕೈಯಲ್ಲೇ ಇದೆ.

ಗೂಬೆ